ಪದ ಮುಗಿಯುವ ತನಕ

ಉಮೆಸಲ್ಮಾ ಯಾದಗಿರಿಯಿಂದ ಶಹಾಪುರಕ್ಕೆ ಬಂದು, ಅಲ್ಲಿ ಸುರಪುರದ ಬಸ್ಸು ಹತ್ತಿ, ನಡುವಿನ ಕ್ರಾಸಿನಲ್ಲಿ ಇಳಿದು ನಡೆದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ರಾಮಲಿಂಗ ಆಗಲೇ ಸಾಯಬಮ್ಮನ ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಕಾಲುವೆಯ ನೀರಗಂಟಿ ಅವನು. ಊರ ಭಜನಾ ಮೇಳದಲ್ಲಿ ಮೂವತ್ತು ವರ್ಷದಿಂದ ಮುಂದಿನ ದನಿಯೂ ಅವನದೇ. ಸಾಯಬಮ್ಮನ ಗಂಡ ಲಾಲಪ್ಪ ಅದೇ ಮೇಳದಲ್ಲಿ ತಾಳ ಹಾಕುತ್ತಿದ್ದವನು. ಶ್ರಾವಣದ ಎರಡನೆಯ ಸೋಮವಾರ, ಹೊತ್ತು ಮುಳುಗುವ ಮುಂಚೆ, ಹನುಮಪ್ಪನ ಗುಡಿಯಲ್ಲಿ ಪದದ ನಡುವೆಯೇ ಒರಗಿಬಿಟ್ಟಿದ್ದ. ನಲವತ್ತಾರರ ಗಟ್ಟಿ ಆಳು. ಅದಾಗಿ ಮೂರು ತಿಂಗಳು.

ಈ ಮೂರು ತಿಂಗಳಲ್ಲಿ ರಾಮಲಿಂಗ ಸಾಯಬಮ್ಮನಿಗೆ ಒಂದೇ ಮಾತನ್ನು ಎಷ್ಟು ಸಲ ಹೇಳಿದ್ದನೋ. “ಕಣ್ಣು ಮುಚ್ಚಿ ತೆರೆಯೋದ್ರಾಗ ಹೋದ, ತಂಗಿ. ಪದ ಕಿವ್ಯಾಗ ಇಟ್ಕೊಂಡು ಹೋದ. ಅಂಥಾ ಸಾವು ಯಾರಿಗೆ ಸಿಗ್ತದ?” ಆ ಮಾತು ಹಿಡಿದುಕೊಂಡೇ ಅವಳು ರೊಟ್ಟಿ ಬಡಿಯುತ್ತಿದ್ದಳು, ಹತ್ತಿ ಬಿಡಿಸಲು ಹೋಗುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಆ ಮಾತು ಪೂರ್ತಿ ಖರೆ ಅಲ್ಲವೆಂಬುದೂ ಗೊತ್ತಿತ್ತು.

ಉಮೆಸಲ್ಮಾ ನರ್ಸು. ಎದೆಬಡಿತ ಒಮ್ಮೆಲೇ ನಿಂತವರಲ್ಲಿ ಎಷ್ಟು ಮಂದಿ ಬದುಕಿದರು, ಉಳಿದವರು ಯಾಕೆ ಬದುಕಲಿಲ್ಲ ಎಂದು ಮನೆಮನೆ ತಿರುಗಿ ಬರೆದುಕೊಳ್ಳುವ ಸಂಶೋಧನೆಯಲ್ಲಿ ಈಗ ಕೆಲಸ.

“ಎಷ್ಟು ಮನಿ ಆದ್ವು, ತಂಗೆವ್ವ?” ಸಾಯಬಮ್ಮ ತಂಬಿಗೆ ಮುಂದಿಟ್ಟಳು.

“ಇದು ಅರವತ್ತೊಂದನೇದು, ಅಕ್ಕಾ.”

“ಅದರಾಗ ಬದುಕಿದವರು?”

“ಇಬ್ಬರು.”

“ಇಬ್ಬರ ಸಲುವಾಗಿ ಇಷ್ಟು ಚಪ್ಪಲಿ ಸವಸಾಕತ್ತೀಯಾ?” ಎಂದ ರಾಮಲಿಂಗ. ನಗಿಸಲು ನೋಡಿದ್ದ.

“ಮುಂದ ಬದುಕೋ ಮೂರನೇದವ್ರ ಸಲುವಾಗಿ, ಕಾಕಾ,” ಎಂದು ಉಮೆಸಲ್ಮಾ ಹಾಳೆ ತಿರುವಿದಳು. “ಲಾಲಪ್ಪನವ್ರು ಬಿದ್ದಿದ್ದು ಯಾರು ನೋಡಿದ್ರಿ?”

“ನಾನೇ. ಎದುರಿಗೇ ಕುಂತಿದ್ದೆ.”

“ಆಟೋದ ಖಾಜಾಹುಸೇನ ಬಂದು ಎದಿ ಒತ್ತಿದ್ರು ಅಂತ ದವಾಖಾನಿ ಕಾಗದದಾಗ ಅದ.”

“ಹೌದವಾ. ಎಲ್ಲೋ ತರಬೇತಿಯಾಗ ಕಲ್ತಿದ್ನಂತ. ಶಹಾಪುರ ಮುಟ್ಟೋತನಕ ಆಟೋದಾಗೂ ಕೈ ಬಿಡಲಿಲ್ಲ. ಗಾಡಿ ಅವನ ತಮ್ಮ ಹೊಡದ.”

“ಬಿದ್ದಾಗಿಂದ ಅವ್ರು ಒತ್ತಾಕ ಹತ್ತೋತನಕ ಎಷ್ಟು ನಿಮಿಷ ಆಗಿತ್ರಿ?”

“ಗುಡ್ಯಾಗ ಕುಂತವರು ಗಡಿಯಾರ ನೋಡ್ತಾರೇನವಾ?”

ಗಡಿಯಾರ ನೋಡಿರಲಿಲ್ಲ, ನಿಜ. ಆದರೆ ಮೂರನೆಯ ನುಡಿಯಲ್ಲಿ ಲಾಲಪ್ಪನ ಕೈಯಿಂದ ತಾಳ ಜಾರಿದ್ದು, ಅವನು ಗೋಡೆಗೆ ಒರಗಿ ಹಾಗೇ ಕೆಳಗೆ ಸರಿದದ್ದು, ಅರೆಗಣ್ಣು ತೆರೆದೇ ಇದ್ದದ್ದು ರಾಮಲಿಂಗನಿಗೆ ನಿದ್ದೆಯಲ್ಲೂ ಕಾಣುತ್ತಿತ್ತು. ಯಾರೋ ಏಳಹೋದರು. ಇವನೇ ಕೈ ಅಡ್ಡ ಹಿಡಿದಿದ್ದ: ಮುಟ್ಟಬೇಡಿ, ಮೈಮೇಲೆ ಬಂದಿದೆ. ಮೇಳದ ಕಟ್ಟಳೆ ಅದು. ಮೈಮರೆತವನನ್ನು ಪದ ಮುಗಿಯುವ ತನಕ ಮುಟ್ಟಬಾರದು. ಹಿಡಿದ ಪದವನ್ನು ಅಂಕಿತದ ಸಾಲು ಮುಟ್ಟುವ ಮುಂಚೆ ಕಡಿಯಬಾರದು. ಅವನ ಅಪ್ಪ, ಅಪ್ಪನ ಗುರು, ಎಲ್ಲರೂ ಹಾಗೇ ನಡೆಸಿಕೊಂಡು ಬಂದದ್ದು.

“ಬಿದ್ದಮ್ಯಾಲ ಏನರೆ ಸಪ್ಪಳ ಮಾಡಿದ್ರೇನ್ರಿ?”

ರಾಮಲಿಂಗ ಸಾಯಬಮ್ಮನ ಕಡೆ ನೋಡಿದ. ಅವಳು ಒಳಬಾಗಿಲ ಹೊಸ್ತಿಲಿಗೆ ಆತುಕೊಂಡು ಕೂತಿದ್ದಳು.

“ಗೊರಕಿ ಹಂಗ. ಬಿಟ್ಟು ಬಿಟ್ಟು ಬರ್ತಿತ್ತು. ನಾವು... ಪದಕ್ಕ ಹೂಂಕಾರ ಹಾಕಾಕತ್ಯಾನ ಅಂದ್ಕೊಂಡ್ವಿ. ನಾ ಇನ್ನಷ್ಟು ಎತ್ತರಿಸಿ ಹಾಡಿದೆ.”

“ಅದು ಉಸಿರಲ್ರಿ, ಕಾಕಾ. ಎದಿ ನಿಂತಮ್ಯಾಲ ಜೀವ ಎಳದಾಡೋದು. ಭಾಳ ಮಂದಿ ಉಸಿರಾಡಾಕತ್ಯಾರ ಅಂತ ಸುಮ್ನಾಗ್ತಾರ. ಒತ್ತಬೇಕಾದ ಹೊತ್ತು ಅದೇ. ಆಮ್ಯಾಲ ನಿಮಿಷಕ್ಕೊಂದಿಷ್ಟು ಆಸೆ ಕಮ್ಮಿ ಆಗ್ತಾ...” ಅರವತ್ತು ಮನೆಗಳಲ್ಲಿ ಹೇಳಿದ ಮಾತು ಬಾಯಿಂದ ತಾನೇ ಬಂದಿತ್ತು. ಉಮೆಸಲ್ಮಾ ಅರ್ಧಕ್ಕೇ ನಿಲ್ಲಿಸಿದಳು.

“ಕಣ್ಣು ಮುಚ್ಚಿ ತೆರೆಯೋದ್ರಾಗ ಅಂದಿದ್ರಿ, ಅಣ್ಣಾ,” ಎಂದಳು ಸಾಯಬಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ರಾಮಲಿಂಗ ಉಮೆಸಲ್ಮಾಳ ಕಡೆ ತಿರುಗಿದ. “ಎಷ್ಟು ನಿಮಿಷ, ಮಾಲೂಮಿಲ್ಲವಾ. ಮೂರನೇ ನುಡಿಯಾಗ ಬಿದ್ದ. ಏಳೂ ನುಡಿ ಹಾಡಿದ್ವಿ. ಮುಗಿಯೋದ್ರಾಗ ಖಾಜಾ ಬಂದ. ಕಾಯಿ ಒಡಸಾಕ ಬಂದಾಂವ.”

“ಹಂಗಾದ್ರ ಅಲ್ಲಿಂದ ಹಾಡ್ರಿ. ಹೊತ್ತು ನಾ ಹಿಡೀತೀನಿ.” ಉಮೆಸಲ್ಮಾ ಮೊಬೈಲು ನೆಲದ ಮೇಲಿಟ್ಟಳು.

ಮೂರು ತಿಂಗಳಿಂದ ಆ ಪದ ಅವನ ಬಾಯಿಗೆ ಬಂದಿರಲಿಲ್ಲ. ಊರಿನ ಹಿಂದಿನ ಶರಣರೊಬ್ಬರು ಬಾವಿಯ ಮೇಲೆ ಕಟ್ಟಿದ್ದು. “ಸೇದುವ ಕೈ ಸೋತೀತೊ, ಸೆಲೆಯು ಸೋಲದೊ” ಎಂದು ಶುರು ಮಾಡಿದ. ತಾಳವಿಲ್ಲದೆ ಪದ ಬೋಳಾಗಿ ಕೇಳಿಸಿತು. ನುಡಿಗೆ ನುಡಿ ಸೇರಿಸಿ, ಎಲ್ಲೂ ನಿಲ್ಲದೆ, ಇಳಿಜಾರಿನಲ್ಲಿ ಚಕ್ಕಡಿ ಬಿಟ್ಟವನ ಹಾಗೆ ಹಾಡಿ ಮುಗಿಸಿದ.

“ಮೂರು ನಿಮಿಷ,” ಎಂದು ಉಮೆಸಲ್ಮಾ ಪೆನ್ನೆತ್ತಿಕೊಂಡಳು.

ಮೂರು. ಬರೆದುಕೊಂಡರೆ ಬರೆದುಕೊಳ್ಳಲಿ ಎನ್ನಿಸಿತು ಅವನಿಗೆ. ಯಾರಿಗೆ ಏನು ನಷ್ಟ?

“ಹಿಮ್ಮೇಳ ಬಿಟ್ರಿ, ಅಣ್ಣಾ,” ಎಂದಳು ಸಾಯಬಮ್ಮ.

ಅವನು ತಂಬಿಗೆಗೆ ಕೈ ಹಾಕಿದ.

“ನೀವು ಒಂದು ಸಾಲು ಹೇಳಿದ್ರ ಅವ್ರು ಎರಡು ಸಲ ತಿರಗಿ ಹೇಳ್ತಾರ. ಇದ್ದದ್ದು ಇದ್ದಂಗ ಹಾಡ್ರಿ.”

“ಈಗ ಹಿಮ್ಮೇಳಕ್ಕ ಯಾರದಾರ, ತಂಗಿ?”

“ನಾ ಹೇಳ್ತೀನಿ.”

ಉಮೆಸಲ್ಮಾ ಇಬ್ಬರ ಮುಖ ನೋಡಿ, ಮತ್ತೆ ಮೊಬೈಲು ಒತ್ತಿದಳು. ರಾಮಲಿಂಗ ಸಾಲು ಎತ್ತಿಕೊಂಡ. ಸಾಯಬಮ್ಮ ಸಣ್ಣ ದನಿಯಲ್ಲಿ, ಒಂದಕ್ಷರ ತಪ್ಪದೆ, ಎರಡೆರಡು ಸಲ ತಿರುಗಿ ಹೇಳಿದಳು. ನಾಲ್ಕನೆಯ ನುಡಿ ಮುಗಿಯಿತು. ಐದನೆಯದು. ಅವನ ಕಣ್ಣು ಅವನಿಗೇ ಬೇಡವೆಂದರೂ ಗೋಡೆಯ ಬುಡಕ್ಕೆ ಹೋಗುತ್ತಿತ್ತು, ಅಲ್ಲಿ ಯಾರೋ ಒರಗಿದ್ದಾರೆ ಎಂಬ ಹಾಗೆ. ಆರನೆಯ ನುಡಿಯ ಹೊತ್ತಿಗೆ ಅವತ್ತು ಗೊರಕೆ ನಿಂತಿತ್ತು. ಹೂಂಕಾರ ನಿಂತಿತು, ಸಮಾಧಾನವಾಯಿತು ಎಂದುಕೊಂಡಿದ್ದ.

ಅಂಕಿತದ ಸಾಲಿಗೆ ಬಂದು ನಿಲ್ಲಿಸಿದ. “ಸಾಕು, ಕಾಕಾ,” ಎಂದಳು ಉಮೆಸಲ್ಮಾ.

“ಮುಗಸ್ರಿ,” ಎಂದಳು ಸಾಯಬಮ್ಮ. “ಅವತ್ತ ಮುಗಸಿದ್ರಿ.”

ಮುಗಿಸಿದ.

“ಒಂಬತ್ತು ನಿಮಿಷ ನಲವತ್ತು ಸೆಕೆಂಡು,” ಎಂದು ಉಮೆಸಲ್ಮಾ ಮೆಲ್ಲಗೆ ಓದಿ ಬರೆದುಕೊಂಡಳು.

“ನನ್ನ ಬೈಯವಾ, ತಂಗಿ,” ಎಂದ ರಾಮಲಿಂಗ. “ಕೈ ಅಡ್ಡ ಹಿಡಿದಾಂವ ನಾ. ಏನರೆ ಅನ್ನು.”

ಸಾಯಬಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. “ಹೆಂಗಸರು ಹೊರಗ ಕಟ್ಟಿಮ್ಯಾಲ ಕುಂತಿದ್ವಿ. ಒಳಗ ಏನಾಗ್ಯಾದ ಅಂತ ಯಾರಿಗೂ ಪತ್ತಾ ಇಲ್ಲ. ತಾಳ ನಿಂತದ್ದು ಮಾತ್ರ ಕೇಳ್ತು. ಕೈ ಸೋತಾವ ಇವನವು, ಮುದುಕ ಆದ ಅಂತ ಬಾಜೂಕ ಕುಂತಿದ್ದ ಸುಗಲಮ್ಮನ ಮುಂದ ನಕ್ಕೆ. ನಕ್ಕೊಂತ ಹಿಮ್ಮೇಳ ಹೇಳಿದೆ. ಹಿಂಗೇ, ಎರಡೆರಡು ಸಲ.”

ಬೀದಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಹಾದುಹೋಯಿತು. ಅದರ ಸದ್ದು ಕಾಲುವೆ ದಾಟಿತು.

“ಮುಂದ ಏನು ಕೇಳ್ಯಾರ, ನೋಡವಾ,” ಎಂದಳು ಸಾಯಬಮ್ಮ.

ಉಮೆಸಲ್ಮಾ ಹಾಳೆಯ ಮೇಲೆ ಕಣ್ಣಿಟ್ಟೇ ಹೇಳಿದಳು. “ಆ ಹೊತ್ತಿನಾಗ ಹತ್ರ ಯಾರ‍್ಯಾರು ಇದ್ರು, ಅವ್ರ ಹೆಸರು.”

“ರಾಮಲಿಂಗಣ್ಣಂದು ಬರದೀ ಅಲ್ಲ?”

“ಬರದೀನಿ.”

“ಅದರ ಕೆಳಗ ನಂದೂ ಬರಿ.”