ಹಿಂದಿನ ಸೀಟಿಲ್ಲದ ಕಾರು

ನಮ್ಮ ಬೀದಿಯಲ್ಲಿ ಸೈರನ್ ಅಣ್ಣನಷ್ಟು ನಿಧಾನವಾಗಿ ನಡೆಯುವ ಮನುಷ್ಯರನ್ನು ನಾನು ಕಂಡಿಲ್ಲ. ಹೆಜ್ಜೆಯೊಂದನ್ನು ಎತ್ತಿ, ಎಲ್ಲಿಡಲಿ ಎಂದು ನೆಲವನ್ನೇ ಕೇಳಿಕೊಂಡು, ಆಮೇಲೆ ಇಳಿಸುವವರಂತೆ ಅವರು ನಡೆಯುತ್ತಿದ್ದರು. ಬಸ್ಸು ಕಣ್ಣೆದುರೇ ಹೊರಟುಹೋದರೂ ಓಡುತ್ತಿರಲಿಲ್ಲ, ಮಳೆ ಹಿಡಿದುಕೊಂಡರೂ ಬಿರುಸಾಗುತ್ತಿರಲಿಲ್ಲ. ಹೊಸದಾಗಿ ನೋಡಿದವರು ಮಂಡಿನೋವಿರಬೇಕು ಎಂದು ಮರುಗುತ್ತಿದ್ದರು. ಬಲ್ಲವರಿಗೆ ಮಾತ್ರ ಇದೊಂದು ಸೋಜಿಗ. ಏಕೆಂದರೆ ದೊಡ್ಡಾಸ್ಪತ್ರೆಯ ಆಂಬುಲೆನ್ಸನ್ನು ಯೌವನದಿಂದ ನಿವೃತ್ತಿಯವರೆಗೆ ಓಡಿಸಿದವರು ಅವರೇ. ಊರಿನ ರಸ್ತೆಗಳಲ್ಲಿ ಅವರಷ್ಟು ವೇಗವಾಗಿ ಹೋದವರು ಇನ್ನೊಬ್ಬರಿರಲಿಲ್ಲ.

ಆ ಕೆಲಸ ಅವರ ದೇಹದ ಮೇಲೂ ಮಾತಿನ ಮೇಲೂ ತನ್ನ ಮುದ್ರೆಯನ್ನೊತ್ತಿತ್ತು. ನಿವೃತ್ತರಾದ ಮೇಲೂ ಚಪ್ಪಲಿಯನ್ನು ಹೊರಬಾಗಿಲಿಗೆ ಮುಖ ಮಾಡಿಯೇ ಬಿಡುತ್ತಿದ್ದರು. ಮಾತನಾಡುವ ಮುನ್ನ ಕತ್ತನ್ನು ಅರ್ಧ ಹಿಂದಕ್ಕೆ ತಿರುಗಿಸುತ್ತಿದ್ದರು, ಎದುರಿಗಿದ್ದವನಿಗೆ ಅವರ ಬೆನ್ನ ಹಿಂದೆ ಯಾರೋ ಮಲಗಿದ್ದಾರೆಂಬ ಭ್ರಮೆ ಹುಟ್ಟುವಂತೆ. ಬೇಸಿಗೆಯಲ್ಲೂ ಬಿಡದ ಅವರ ಕಂದು ಕೋಟಿನ ಬಲತೋಳು ಕಿಟಕಿಯ ಬಿಸಿಲಿಗೆ ಬಿಳಿಚಿ, ಎಡತೋಳಿನ ಜೊತೆಯದಲ್ಲವೇನೋ ಎನ್ನಿಸುತ್ತಿತ್ತು. ಇನ್ನು ಆ ಮಾತು: "ಬಂದ್ವಿ, ಬಂದ್ಬಿಟ್ವಿ." ಬ್ಯಾಂಕಿನ ಸಾಲಿನಲ್ಲಿ, ಚಹಾದ ನೀರು ಕುದಿಯುವುದಕ್ಕೆ ಕಾಯುವಾಗ, ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ದಾರ ಪೋಣಿಸಲು ಸೂಜಿಯ ಕಣ್ಣನ್ನು ಹುಡುಕುವಾಗ, ಎಲ್ಲೆಂದರಲ್ಲಿ ಮೆಲ್ಲನೆ ಅನ್ನುತ್ತಿದ್ದರು. ಆಸ್ಪತ್ರೆ ಇನ್ನೂ ಎಷ್ಟೋ ದೂರವಿರುವಾಗ ಹಿಂದೆ ನರಳುತ್ತಿದ್ದವರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಸುಳ್ಳು ಅದು.

ಇಂಥವರು ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆಂದಾಗ ಅತ್ತಿಗೆ ಹೊಲಿಗೆ ಯಂತ್ರದಿಂದ ಕಾಲು ತೆಗೆದು ನನ್ನನ್ನು ಕರೆಸಿದರು. ನಾನು ಎದುರು ಮನೆಯವನು, ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು.

"ನೀವಾದ್ರೂ ಹೇಳಿ. ಇವರು ಊರಿಗೆಲ್ಲ ಗಾಡಿ ಓಡಿಸಿದ್ರು, ನಾನು ಬಸ್ಸಲ್ಲೇ ಮುದುಕಿಯಾದೆ. ಈಗ ಕಾರು ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಎರಡೇ ಸೀಟಿಂದು ಯಾಕ್ರೀ? ಮಗಳು, ಅಳಿಯ, ಮಗು ಬಂದ್ರೆ ಎಲ್ಲಿ ಕೂರಿಸ್ತೀರಿ, ಟಾಪ್ ಮೇಲಾ?"

ಅಣ್ಣ ಕತ್ತು ಹಿಂದಕ್ಕೆ ತಿರುಗಿಸಿ, ಮತ್ತೆ ನಮ್ಮ ಕಡೆ ಬಂದು ಹೇಳಿದರು: "ಒಂದು ಸಲ ಜೋರಾಗಿ ಹೋಗ್ಬೇಕು. ಹಿಂದೆ ಯಾರೂ ಇರಬಾರದು. ಹಿಂದಿನ ಸೀಟೇ ಇರಬಾರದು."

ಅತ್ತಿಗೆ ಮತ್ತೆ ಯಂತ್ರ ತುಳಿಯತೊಡಗಿದರು. ಆ ವಿಷಯವಾಗಿ ಆಮೇಲೆ ಅವರು ತಕರಾರು ತೆಗೆಯಲಿಲ್ಲ.

ಕಾರು ನೋಡಲು ಅವರು ನನ್ನನ್ನೇ ಕರೆದೊಯ್ಯುತ್ತಿದ್ದರು. ನನಗೆ ಕಾರಿನ ಗಂಧಗಾಳಿಯೂ ಇಲ್ಲವೆಂದರೆ, "ಅದಕ್ಕೇ. ಗೊತ್ತಿರೋರು ಬಂದ್ರೆ ಮಾತಾಡ್ತಾರೆ" ಎಂದರು. ಹಳೆಯ ಕಾರು ಮಾರುವ ಅಂಗಳಗಳಲ್ಲಿ ಒಂದು ಬಗೆಯ ವಿಷಾದವಿರುತ್ತದೆ. ತೊಳೆದು, ಟಯರಿಗೆ ಕಪ್ಪು ಬಳಿದು, ಗಾಜಿನ ಮೇಲೆ ಬೆಲೆ ಬರೆದು ನಿಲ್ಲಿಸಿದ ಆ ವಾಹನಗಳ ನಡುವೆ ಯಾರದೋ ಉತ್ಸಾಹ ಕೈಬಿಟ್ಟು ಹೋದ ಗುರುತುಗಳು ಕಾಣುತ್ತವೆ: ಕನ್ನಡಿಗೆ ಕಟ್ಟಿ ಕಿತ್ತ ದಾರದ ತುದಿ, ಡ್ಯಾಶ್‌ಬೋರ್ಡಿನ ಮೇಲೆ ಉಜ್ಜಿದರೂ ಹೋಗದ ಅಂಟು. ಅಣ್ಣ ಎಂಜಿನ್ನಿನ ಮಾತೆತ್ತುತ್ತಿರಲಿಲ್ಲ, ಎಷ್ಟು ಓಡಿದೆ ಎಂದು ಕೇಳುತ್ತಿರಲಿಲ್ಲ. ಬಾಗಿಲು ತೆರೆದು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು, ದರ್ಜಿ ಬಟ್ಟೆ ನೋಡುವಂತೆ ಬೆಳಕಿಗೆ ಹಿಡಿಯುತ್ತಿದ್ದರು.

ಮೊದಲು ನೋಡಿದ್ದು ಕೆಂಪು ಬಣ್ಣದ್ದು, ಕಣ್ಣು ಕುಕ್ಕುವಷ್ಟು ಚೆಲುವಿನದು. ಬೆಲ್ಟಿನ ನಡುಭಾಗದಲ್ಲಿ ನೇಯ್ಗೆ ಹಿಗ್ಗಿ ಅಲೆಯಲೆಯಾಗಿತ್ತು.

"ಗುದ್ದಿದಾಗ ಇದು ಒಬ್ಬರನ್ನ ಹಿಡ್ಕೊಂಡಿದೆ," ಎಂದರು ಅಣ್ಣ.

ದಲ್ಲಾಳಿ ನಕ್ಕ. "ಸ್ವಲ್ಪ ಪೇಂಟ್ ಕೆಲಸ ಆಗಿದೆ ಸಾರ್, ಅಷ್ಟೇ."

"ಹಿಡ್ಕೊಂಡಿದೆ ಅಂದ್ರೆ ಅವರು ಉಳ್ಕೊಂಡಿರ್ತಾರೆ ಬಿಡಿ," ಎಂದು ಅವನನ್ನೇ ಸಮಾಧಾನಪಡಿಸುವಂತೆ ಹೇಳಿ, ಬೆಲ್ಟನ್ನು ಜೋಪಾನವಾಗಿ ಒಳಕ್ಕೆ ಬಿಟ್ಟರು.

ಇನ್ನೊಂದು ಅಂಗಳದಲ್ಲಿ ಕಪ್ಪು ಕಾರು. ಚಾಲಕನ ಬೆಲ್ಟು ಹಳೆಯದು, ಪಕ್ಕದ್ದು ಮಾತ್ರ ಹೊಚ್ಚ ಹೊಸದು. ಅಣ್ಣ ಅದನ್ನು ಎಳೆಯಲೂ ಇಲ್ಲ. ಬೆರಳ ತುದಿಯಿಂದ ಮುಟ್ಟಿ, ಕೈಯನ್ನು ಕೋಟಿಗೆ ಒರೆಸಿಕೊಂಡು ಹೊರಗೆ ನಡೆದರು. ನಾನು ಏನೆಂದು ಕೇಳಿದ್ದು ಬಸ್ಸಿನಲ್ಲಿ ಕುಳಿತ ಮೇಲೆ. "ಹಳೇದನ್ನ ಕತ್ತರಿಸಿ ತೆಗ್ದಿದ್ದಾರೆ. ಬಿಚ್ಚೋಕೆ ಬರದೇ ಇದ್ದಾಗ ಕತ್ತರಿಸ್ತೀವಿ."

ಆ ಪೇಟೆಯ ಕ್ರೂರ ಸತ್ಯ ನನಗೂ ನಿಧಾನವಾಗಿ ಅರಿವಾಯಿತು. ನಮ್ಮಂಥ ಮಧ್ಯಮ ವರ್ಗದವರ ಕೈಗೆ ಎಟಕುವ ಬೆಲೆಗೆ ಓಟದ ಕಾರೊಂದು ಇಳಿದು ಬರಬೇಕಾದರೆ ಅದು ಎಲ್ಲೋ ಒಂದು ಕಡೆ ಗುದ್ದಿರಬೇಕು, ಯಾರದೋ ಮನೆಯಲ್ಲಿ ಅದರ ಮಾತು ಎತ್ತಬಾರದಂತಾಗಿರಬೇಕು. ಗುದ್ದದ ಕಾರುಗಳ ಬೆಲೆ ಕೇಳಿ ನಾವು ಕೈಕಟ್ಟಿ ನಿಂತು ನೋಡಿ ಬರುತ್ತಿದ್ದೆವು.

ಕೊನೆಗೆ ಸಿಕ್ಕಿದ್ದು ಒಬ್ಬ ವೃದ್ಧ ದಂತವೈದ್ಯರ ಶೆಡ್ಡಿನಲ್ಲಿ. ಮಂಕು ನೀಲಿ ಬಣ್ಣ, ಮೇಲೆ ಧೂಳಿನ ಹಚ್ಚಡ. ನಿಂತು ನಿಂತು ಕ್ಲಚ್ಚು ಅಂಟಿಕೊಂಡಿತ್ತು, ಗೇರು ಬೀಳಬೇಕಾದರೆ ಬೇಡಿಕೊಳ್ಳಬೇಕಿತ್ತು. ಅಣ್ಣ ಎಳೆದ ಬೆಲ್ಟು ಬಳಕೆಯಿಲ್ಲದೆ ಸೆಟೆದುಕೊಂಡಿತ್ತು.

"ಇದು ಎಲ್ಲೂ ಗುದ್ದಿಲ್ಲವಾ ಡಾಕ್ಟ್ರೇ?"

"ಗುದ್ದೋಕೆ ಎಲ್ಲಿಗಾದ್ರೂ ಹೋಗ್ಬೇಕಲ್ಲಪ್ಪಾ," ಎಂದರು ವೈದ್ಯರು. "ತಗೊಂಡೆ, ಹೆದರಿಕೆಯಾಯ್ತು, ಮುಚ್ಚಿಟ್ಟೆ."

ಅಣ್ಣ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೆಕ್ಯಾನಿಕ್ ಬೇಡ ಬೇಡವೆಂದು ಬಡಕೊಂಡರೂ ಕೇಳದೆ ಕೊಂಡರು. ರಿಪೇರಿಗೆಂದು ಇನ್ನಷ್ಟು ಸುರಿದರು.

ಮೋಡ ಕವಿದ ಒಂದು ಮಧ್ಯಾಹ್ನ ನೀರಿನ ಟ್ಯಾಂಕಿನಾಚೆಯ ಖಾಲಿ ರಸ್ತೆಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ರಸ್ತೆಗೆ ಹೊಟ್ಟೆ ತಾಗಿಸಿಕೊಂಡಂತಿದ್ದ ಆ ಕಾರು ಮೊದಲು ಕೆಮ್ಮಿತು, ಗೊಣಗಿತು, ಆಮೇಲೆ ಒಮ್ಮೆಲೇ ತನ್ನ ಹುಟ್ಟುಗುಣ ನೆನಪಾದಂತೆ ಚಿಮ್ಮಿತು. ಬೀದಿಯಲ್ಲಿ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ಮನುಷ್ಯ ಅಲ್ಲಿರಲಿಲ್ಲ. ಸ್ಟಿಯರಿಂಗ್ ಹಿಡಿದ ಆ ಕೈಗಳು ಹಗುರವಾಗಿದ್ದವು, ತಿರುವು ಬರುವ ಮುನ್ನವೇ ತಿರುವು ಅವರಿಗೆ ತಿಳಿದಿತ್ತು. ನನ್ನ ಜೀವ ಬಾಯಿಗೆ ಬಂದಿತ್ತಾದರೂ, ಒಂದು ಮಹಾವಿದ್ಯೆಯ ಸಮ್ಮುಖದಲ್ಲಿದ್ದೇನೆಂಬ ಗೌರವವೂ ಇತ್ತು.

ಆಗ ಅವರು ಕನ್ನಡಿ ನೋಡಿದರು. ಹಿಂದೆ ಒಂದು ಚಿಕ್ಕ ಗಾಜು, ಗಾಜಿನಾಚೆ ಬರಿದಾದ ರಸ್ತೆ. "ಬಂದ್ವಿ," ಎಂದರು, ಅಭ್ಯಾಸಬಲದಿಂದ. ಮತ್ತೊಮ್ಮೆ ನೋಡಿದರು. ಕಾರಿನ ವೇಗ ಇಳಿಯುತ್ತಾ ಬಂತು. ಕೊನೆಗೆ ರಸ್ತೆಯ ಅಂಚಿಗೆ ತಂದು, ಎಂಜಿನ್ ಆರಿಸಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಕೆಟ್ಟುಹೋಯ್ತಾ ಅಣ್ಣಾ?"

"ಇಲ್ಲ. ಚೆನ್ನಾಗೇ ಇದೆ." ಮತ್ತೆ ಕನ್ನಡಿಯತ್ತ ನೋಡಿದರು. "ಹಿಂದೆ ಯಾರೂ ಇಲ್ಲ ಅಂದ್ಮೇಲೆ ಜೋರಾಗಿ ಯಾಕೆ ಹೋಗ್ಬೇಕು? ನನಗೆ ಗೊತ್ತಾಗ್ತಾ ಇಲ್ಲ ನೋಡಿ."

ಹಿಂದಿರುಗುವಾಗ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

ಆಮೇಲೆ ಕೆಲವು ವಾರ ಅತ್ತಿಗೆಯನ್ನು ಮಾರುಕಟ್ಟೆಗೆ ಕರೆದೊಯ್ದರು. ಹೊಸ ಸೀರೆಯುಟ್ಟು ಕುಳಿತ ಅತ್ತಿಗೆ ಹಿಂದಿನವರ ಹಾರ್ನಿಗೆ ನಾಚಿ ತಲೆ ತಗ್ಗಿಸುತ್ತಿದ್ದರು. ಇವರು ಎಲ್ಲರಿಗೂ ದಾರಿ ಬಿಟ್ಟುಕೊಡುತ್ತಿದ್ದರು. ಬರಬರುತ್ತ ಕಾರು ಟಾರ್ಪಾಲಿನಡಿ ಸೇರಿತು. ಮಾರುವುದೆಂದು ತೀರ್ಮಾನವಾದಾಗ ಕೊಳ್ಳಲು ಬಂದವರಿಗೇನೂ ಕೊರತೆಯಿರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿ ಆಗಲೇ ಪಕ್ಕದ ಸೀಟಿನಲ್ಲಿ ಕುಳಿತು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಇಷ್ಟು ಜೋರಿನ ಗಾಡಿ ಯಾಕಪ್ಪಾ ನಿಮಗೆ?" ಎಂದು ಅಣ್ಣ ಹುಡುಗನನ್ನು ಕೇಳಿದರು.

"ಜೋರಾಗಿ ಹೋಗೋಕೇ ಅಂಕಲ್!"

ಅಣ್ಣ ಆ ಹುಡುಗಿಯನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಅವಳು ಮುಜುಗರಗೊಂಡು ಕೆಳಗಿಳಿದಳು. ಕೀಲಿಕೈ ಅವರ ಕೋಟಿನ ಜೇಬಿಗೆ ವಾಪಸ್ಸಾಯಿತು. ಆ ನಂತರ ಬಂದವರೆಲ್ಲರಿಗೂ ಇದೇ ಗತಿ. ಮುದುಕರಾರೂ ಇಂಥ ಕಾರು ಕೇಳಿ ಬರುವುದಿಲ್ಲ. ಬಂದವರೆಲ್ಲ ಎಳೆಯರು, ಪ್ರತಿಯೊಬ್ಬರ ಹಿಂದೆಯೂ ಅವರಿಗೆ ಒಂದು ಸ್ಟ್ರೆಚರ್ ಕಾಣುತ್ತಿತ್ತೇನೋ.

ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕಾರನ್ನು ತಾವೇ ಓಡಿಸಿಕೊಂಡು ಹೋಗಿ ಗುಜರಿಯವನಿಗೆ ಒಪ್ಪಿಸಿದರು. ಸುಮ್ಮನೆ ಒಪ್ಪಿಸಿ ಬರಲಿಲ್ಲ. ಅವನು ಅದನ್ನು ಬಿಡಿಯಾಗಿ ಮಾರಿಕೊಳ್ಳದಂತೆ, ಎಂಜಿನ್ ಒಡೆದು ಮೈಯನ್ನು ಎರಡು ಹೋಳು ಮಾಡುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರಂತೆ. ಎಂದೂ ಎಲ್ಲೂ ಗುದ್ದದ ಕಾರು ಹಾಗೆ ಮುಗಿಯಿತು.

ಅಂದು ಸಂಜೆ ನಾನು ಹೋದಾಗ ಅತ್ತಿಗೆಯ ಕಣ್ಣು ಕೆಂಪಾಗಿತ್ತು. "ಓಡೋ ಗಾಡೀನ ಗುಜರಿಗೆ ಹಾಕಿದ್ರಲ್ಲಾ! ಮಾರಿದ್ರೆ ಯಾರಾದ್ರೂ ಓಡಿಸ್ಕೊಂಡು ಇರ್ತಿದ್ರು."

"ಅದಕ್ಕೇ," ಎಂದರು ಅಣ್ಣ.

ಲೋಕವನ್ನು ಅದರ ಅತ್ಯಂತ ಕೆಟ್ಟ ಗಳಿಗೆಯಲ್ಲಿ ಮಾತ್ರ ಸಂಧಿಸಿದವರ ಒಂದು ಕುಲವಿದೆ. ಬೆಂಕಿ ಆರಿಸುವವರು, ಮುಳುಗಿದವರನ್ನು ಎತ್ತುವವರು, ಶವಾಗಾರದ ಬಾಗಿಲು ಕಾಯುವವರು. ನಾವು ಮೆಟ್ಟಿಲು ಕಂಡಲ್ಲಿ ಅವರು ಬೀಳುವವನನ್ನು ಕಾಣುತ್ತಾರೆ; ನಾವು ಮಕ್ಕಳ ನಗು ಕೇಳುವಾಗ ಅವರು ಬಾಗಿಲ ಚಿಲಕವನ್ನು ನೋಡುತ್ತಿರುತ್ತಾರೆ. ನಿವೃತ್ತಿಯ ದಿನ ಕೈಕುಲುಕಿ ಕಳಿಸಿಕೊಡುತ್ತೇವಲ್ಲ, ಕಂಡದ್ದನ್ನು ಎಲ್ಲಿಳಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಅವರ ಅಕ್ಕರೆಯೆಲ್ಲ ಬೇಡ ಎನ್ನುವುದರಲ್ಲಿ, ಕಸಿದುಕೊಳ್ಳುವುದರಲ್ಲಿ, ಮುರಿದುಹಾಕುವುದರಲ್ಲಿ ಪ್ರಕಟವಾಗುತ್ತದೆ. ಆದ್ದರಿಂದ ನಾವು ಅವರನ್ನು ಅಂಜುಬುರುಕರೆಂದೂ, ತಲೆ ಕೆಟ್ಟವರೆಂದೂ ಕರೆದು ಹಗುರಾಗುತ್ತೇವೆ. ಅವರು ತಪ್ಪಿಸಿದ ಅನಾಹುತಗಳು ನಡೆಯಲೇ ಇಲ್ಲವಲ್ಲ; ಹಾಗಾಗಿ ಅವರ ಪರವಾಗಿ ಸಾಕ್ಷಿ ಹೇಳಲು ಯಾರೂ ಬರುವುದಿಲ್ಲ.