ಹಾಲನ್ನದ ಬೆಕ್ಕುಗಳು

ಬಸವನ ಬಾಗೇವಾಡಿಯ ತಾಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿ ೧೯೭೩ರಲ್ಲಿ ನಿವೃತ್ತರಾದ ಪಾಂಡುರಂಗರಾಯರಿಗೆ ಬೆಕ್ಕುಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಇದ್ದದ್ದು ಹೆಂಡತಿ ರಂಗೂಬಾಯಿಗೆ. ಬೇಡವಾದ ಬೆಕ್ಕುಗಳನ್ನು ಚೀಲದಲ್ಲಿ ಕಟ್ಟಿ ತಂದು ಬಸ್‌ಸ್ಟ್ಯಾಂಡಿನ ಹಿಂದೆ ಬಿಟ್ಟುಹೋಗುವುದು ಸುತ್ತಲಿನ ಕೆಲವರ ರೂಢಿ. ಹಾಗೆ ಬಿಟ್ಟಿದ್ದ ಒಂದು ಕುಂಟ ಬೆಕ್ಕನ್ನು ಆಕೆ ಸೆರಗಿನಲ್ಲಿ ಸುತ್ತಿಕೊಂಡು ಬಂದು ಹಿತ್ತಲದ ಖಾಲಿ ದನದ ಮನೆಯಲ್ಲಿ ಇಟ್ಟಳು. ವರ್ಷ ತುಂಬುವುದರೊಳಗೆ ಹದಿಮೂರಾದವು. ಹಾಲು ಮಾರುವ ಚಂದವ್ವ ದಿನಾ ಒಂದು ಚೆರಿಗೆ ಹಾಲು ಪುಕ್ಕಟೆ ಸುರಿದು ಹೋಗುವಳು. ಪಕ್ಕದ ಮನೆಯ ಟೇಲರ್ ಕುತುಬುದ್ದೀನನ ಹೆಂಡತಿ ಶಮಶಾದಬಿ ಕಸ ಹೊಡೆಯಲು, ಗಾಯ ತೊಳೆಯಲು ಬರುವಳು.

ರಾಯರ ಪಾಲಿನ ಸೇವೆ ಎಂದರೆ ನಿಯಮ ಮಾಡುವುದು. "ಈ ಹಿತ್ತಲದಾಗ ಹಾಲು-ಅನ್ನ ಬಿಟ್ಟು ಬ್ಯಾರೆ ಏನೂ ಬರಬಾರದು. ವೈಷ್ಣವರ ಮನೀ ಬೆಕ್ಕು ವೈಷ್ಣವರ ಹಂಗ ಇರಬೇಕು" ಎಂದರು. ಹೆಂಗಸರು ತಲೆಯಾಡಿಸಿದರು.

ಬೆಕ್ಕುಗಳು ಮೈತುಂಬಿಕೊಂಡವು, ಮೈಮೇಲಿನ ಕೂದಲು ಮಿರಿಮಿರಿ ಮಿಂಚಿತು. ಸಂಜೆ ವಾಚನಾಲಯದ ಕಟ್ಟೆಯ ಮೇಲೆ ರಾಯರು, ಅಭ್ಯಾಸ ಮಾಡಿಸಿದರೆ ಎಂಥ ಪ್ರಾಣಿಯೂ ಸಾತ್ವಿಕವಾಗುತ್ತದೆಂದು ವಿವರಿಸತೊಡಗಿದರು. ಒಬ್ಬ ಮಾಸ್ತರರು ಕಣ್ಣಾರೆ ನೋಡಲೆಂದು ಬಂದರು. ಬೆಕ್ಕುಗಳು ಹಾಲನ್ನವನ್ನು ಮೂಸಿ ನೋಡಿ ಬಿಸಿಲಿಗೆ ಹೋಗಿ ಮಲಗಿದವು.

"ನೋಡ್ರಿ, ಹೊಟ್ಟೆಬಾಕತನ ಅನ್ನೋದ ಇಲ್ಲ" ಎಂದರು ರಾಯರು.

ಮರುವರ್ಷ ಶಮಶಾದಬಿ ತಂಗಿಯ ಬಾಣಂತನಕ್ಕೆಂದು ಸಿಂದಗಿಗೆ ಹೋದಳು. ಮೂರನೇ ದಿನಕ್ಕೆ ಹಿತ್ತಲದಲ್ಲಿ ಗಲಾಟೆ ಎದ್ದಿತು. ಬೆಕ್ಕುಗಳೆಲ್ಲ ಹಾಲನ್ನಕ್ಕೆ ಬೆನ್ನು ತಿರುಗಿಸಿ, ಟೇಲರನ ಮನೆಯ ಗೋಡೆಯ ಕಡೆ ಮುಖಮಾಡಿ ಕುಳಿತು ಒಂದೇ ಸಮನೆ ಒದರಿದವು. ಐದನೇ ದಿನ ಕುಂಟ ಬೆಕ್ಕು ಒದರುವುದನ್ನೂ ಬಿಟ್ಟು ಮೂಲೆ ಸೇರಿತು. ರಾಯರು ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬೆರಳಿಗೆ ಹಾಲು ಹಚ್ಚಿ ಮೂಗಿನ ಹತ್ತಿರ ಹಿಡಿದರು. ಅದು ಕಣ್ಣು ಮುಚ್ಚಿಕೊಂಡಿತು. ಅಂದು ಅವರಿಗೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಚಂದವ್ವನನ್ನು ತಡೆದು ನಿಲ್ಲಿಸಿದರು. "ಹಾಲಿಗೆ ನೀರು ಭಾಳ ಹಾಕ್ಲಿಕ್ಕತ್ತೀ ಏನು?"

ಚಂದವ್ವ ಚೆರಿಗೆ ಕೆಳಗಿಟ್ಟಳು. "ನನ್ನ ಹಾಲಿಗೆ ಹೆಸರಿಡಬ್ಯಾಡ್ರಿ ರಾಯರ. ಅವು ಮೈ ಹಿಡದಿದ್ದು ಹಾಲಿನಿಂದಲ್ರಿ. ಶಮಶಾದಬಿ ಅಣ್ಣನ ಮಟನ್ ಅಂಗಡಿ ಐತೆಲ್ರಿ, ಅಲ್ಲಿ ಉಳಿದ ತುಣುಕು ತಂದು, ಮಧ್ಯಾಹ್ನ ನೀವು ಮಲಗಿದ ಮ್ಯಾಲೆ ಗ್ವಾಡಿ ಆಚೆ ಕರದು ತಿನ್ನಸ್ತಿದ್ಳು. ಓಣಿಗೆಲ್ಲ ಗೊತ್ತೈತಿ."

ರಾಯರು ಒಳಗೆ ಬಂದು ಹೆಂಡತಿಯ ಮುಂದೆ ನಿಂತರು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಕುಂಟಿಗೆ ಜಿಗೀಲಿಕ್ಕೆ ಬರೂದಿಲ್ಲ ಅಂತ ನಾನ ಎತ್ತಿ ಕೊಡ್ತಿದ್ದೆ."

"ಮತ್ತ ನನ್ನ ನಿಯಮ?"

"ಅದೆಲ್ಲಿ ಮುರಿದದ? ನಿಮ್ಮ ಹಿತ್ತಲದಾಗ ಏನೂ ಬಂದಿಲ್ಲ. ಅವು ಊಟಕ್ಕ ಹೊರಗ ಹೋಗ್ತಿದ್ದುವು."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನೀವು ಹೇಳ್ಲಿಕ್ಕತ್ತಿದ್ರಿ."

ರಾಯರು ಟೊಪ್ಪಿಗೆ ಹಾಕಿಕೊಂಡು ಕುತುಬುದ್ದೀನನ ಅಂಗಡಿಗೆ ಹೋಗಿ ಬಹಳ ಹೊತ್ತು ಅರಿವೆ ನೋಡಿದರು.

"ಅಂಗಿ ಹೊಲಿಸೋದೈತೇನ್ರಿ ರಾಯರ?"

"ಅಂಗೀದಲ್ಲಪಾ. ಬೆಕ್ಕಿನ ಬಾಬತ್ತು. ನಿಮ್ಮ ಮನಿಯಾಕಿ ಏನು ಹಾಕ್ತಿದ್ಳೋ... ಅದು."

"ಏನು ಹಾಕ್ತಿದ್ಳ್ರಿ?" ಎಂದ ಕುತುಬುದ್ದೀನ, ಸೂಜಿಗೆ ದಾರ ಪೋಣಿಸುತ್ತ. ರಾಯರ ಕಿವಿ ಕೆಂಪಾಗುವವರೆಗೆ ಕಾಯ್ದು ನಕ್ಕ. "ತಂದು ಕೊಡ್ತೇನ್ರಿ. ಆದ್ರ ಹಾಕೋದು ನನ್ನಿಂದ ಆಗೂದಿಲ್ಲ. ನನಗ ಬೆಕ್ಕಂದ್ರ ಅಂಜಿಕಿ."

ಮಧ್ಯಾಹ್ನ ಕುತುಬುದ್ದೀನ ಎಲೆಯ ಪೊಟ್ಟಣವನ್ನು ತನ್ನ ಅಂಗಳದ ಕಲ್ಲಿನ ಮೇಲಿಟ್ಟು, ಓಡಿಹೋಗಿ ಹಗ್ಗದ ಮಂಚ ಹತ್ತಿ ನಿಂತ. ಹನ್ನೆರಡು ಬೆಕ್ಕು ಗೋಡೆ ಹಾರಿ ಬಂದವು. ಕುಂಟಿಯನ್ನು ಕಂಕುಳಲ್ಲಿ ಅವುಚಿಕೊಂಡ ರಾಯರು ಬಾಗಿಲಿನಿಂದ ಬಂದರು. ಇನ್ನೊಂದು ಕೈಯಲ್ಲಿ ಬಚ್ಚಲೊಲೆಯ ಇಕ್ಕಳ. ಮುಖ ಆಚೆ ತಿರುಗಿಸಿಕೊಂಡು, ಇಕ್ಕಳದಿಂದ ಒಂದು ತುಣುಕು ಹಿಡಿದು ಕೆಳಗಿಟ್ಟರು. ಕುಂಟಿ ಮೂಸಿತು, ನೆಕ್ಕಿತು. ಆಮೇಲೆ ಗುರ್ ಎನ್ನುತ್ತ ತಿನ್ನತೊಡಗಿತು. ರಾಯರು ಮೆಲ್ಲಗೆ ಮುಖ ಇತ್ತ ತಿರುಗಿಸಿದರು.

"ತಿಂತೇನ್ರಿ?" ಮಂಚದ ಮೇಲಿನಿಂದ ಕುತುಬುದ್ದೀನ ಕೇಳಿದ.

"ತಿನ್ಲಿಕ್ಕತ್ತದ" ಎಂದರು ರಾಯರು.

ಮನೆಗೆ ಬಂದರೆ ರಂಗೂಬಾಯಿ ಬಚ್ಚಲಲ್ಲಿ ನೀರು ಕಾಸಿಟ್ಟಿದ್ದಳು. ಹದಿನೈದು ದಿನ ಹೀಗೆ ನಡೆಯಿತು. ದಿನಕ್ಕೆರಡು ಸಲ ಮಿಂದು ರಾಯರಿಗೆ ನೆಗಡಿ ಹಿಡಿಯಿತು. ವಾಚನಾಲಯದ ಕಟ್ಟೆಯ ಮೇಲೆ ಈಗ ಅವರು ಮಳೆ-ಬೆಳೆಯ ಮಾತಷ್ಟೇ ಆಡುತ್ತಿದ್ದರು.

ಶಮಶಾದಬಿ ಸಿಂದಗಿಯಿಂದ ಬಂದವಳು ನೆಟ್ಟಗೆ ರಾಯರ ಮನೆಗೇ ಬಂದಳು. ಕೈಯಲ್ಲೊಂದು ಬುಟ್ಟಿ. ಮುಚ್ಚಿದ ಅರಿವೆ ಸರಿಸಿದರೆ ಒಳಗೆ ಎರಡು ಮರಿ. "ಸಿಂದಗಿ ಸ್ಟ್ಯಾಂಡಿನ್ಯಾಗ ಬಿಟ್ಟಿದ್ರು ರಾಯರ. ಅಲ್ಲೆ ನೋಡೋರು ಯಾರೂ ಇಲ್ರಿ."

ರಾಯರು ಕನ್ನಡಕ ಏರಿಸಿ ಒಂದು ಮರಿಯ ಬಾಯನ್ನು ಕಿರುಬೆರಳಿನಿಂದ ಅಗಲಿಸಿ ನೋಡಿದರು.

"ಹಲ್ಲು ಬಂದಾವೇನು?"

"ಇನ್ನ ಇಲ್ರಿ."

"ಹಂಗಾದ್ರ ಸದ್ಯಕ್ಕ ಹಾಲು ನಡೀತದ" ಎಂದು ಸಮಾಧಾನದಿಂದ ಹೇಳಿ, ಬಟ್ಟಲು ತರಲು ಒಳಗೆ ಹೋದರು.