ಟೈಲರಣ್ಣ ಮತ್ತು ಓಟದಕ್ಕ

ಟೈಲರಣ್ಣನಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು. ಜೀವ ಉಳಿಯಿತು, ಮಾತೂ ಉಳಿಯಿತು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮವನ್ನು ಎರಡು ವಾರ ಮಾಡಿದ. ಬೆರಳು ಅಲುಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಹೆಂಡತಿ ಹೇಳಿ ಹೇಳಿ ಸೋತಳು.

ಒಂದು ಬೆಳಿಗ್ಗೆ ಎದುರುಮನೆಯ ಓಟದಕ್ಕ ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ಆ ಊರಿನಿಂದ ದೂರದ ಓಟಕ್ಕೆ ಇಳಿದ ಮೊದಲ ಹೆಣ್ಣು ಅವರೇ.

"ಏನಪ್ಪಾ, ಗೋಡೆಗೆ ಅಳತೆ ತಗೋತಿದ್ದೀಯಾ?"

"ಬಿಡಿ ಅಕ್ಕಾ. ನನ್ನ ಕೈ ಸತ್ತುಹೋಯ್ತು. ಗೆದ್ದು ಬಂದೋರಿಗೆ ಇದೆಲ್ಲಾ ಎಲ್ಲಿ ಅರ್ಥ ಆಗ್ಬೇಕು?"

ಅಕ್ಕ ನಕ್ಕು ಮಂಚದ ತುದಿಯಲ್ಲಿ ಕೂತರು.

"ಗೆದ್ದಿದ್ದು ಯಾರು? ಮೊದಲ ಓಟದಲ್ಲಿ ನಾನೇ ಕೊನೆ. ನಾನು ಮೈದಾನ ಮುಟ್ಟೋ ಹೊತ್ತಿಗೆ ಕುರ್ಚಿಗಳನ್ನ ಲಾರಿಗೆ ತುಂಬ್ತಿದ್ರು. ಕಸ ಗುಡಿಸೋ ಹೆಂಗಸು ಒಬ್ಬಳೇ ಪೊರಕೆ ಕೆಳಗಿಟ್ಟು ಚಪ್ಪಾಳೆ ತಟ್ಟಿದ್ಲು."

"ಮತ್ತೆ ಯಾಕೆ ಓಡಿದ್ರಿ?"

"ನಡುವೆ ನಿಂತಿದ್ರೆ 'ಹೆಣ್ಣುಮಕ್ಕಳ ಕೈಲಿ ಆಗಲ್ಲ' ಅಂತಿದ್ರು. ಮುಂದಿನ ವರ್ಷ ನನ್ನ ಜೊತೆ ನಾಲ್ಕು ಹುಡುಗೀರು ಬಂದ್ರು ನೋಡು, ಅದೇ ನನ್ನ ಬಹುಮಾನ. ಆಮೇಲೆ ಮೂವತ್ತು ವರ್ಷ ಹುಡುಗೀರಿಗೆ ಓಟ ಕಲಿಸಿದೆ. ಪೂರ್ತಿ ದಾರಿ ನೋಡಿದ್ರೆ ಕಾಲು ಸೋಲುತ್ತೆ ಕಣಪ್ಪಾ. ಮುಂದಿನ ಕಂಬ ನೋಡ್ಬೇಕು, ಅಷ್ಟೇ."

ಟೈಲರಣ್ಣ ಅಕ್ಕನ ಕಡೆ ಹೊರಳಿ ಕೇಳಿದ: "ಕೈ ಮೊದಲಿನ ಹಾಗೆ ಆಗದೇ ಹೋದ್ರೆ?"

"ಆಗದೇನೂ ಇರಬಹುದು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ವ್ಯಾಯಾಮ ಬಿಟ್ರೆ ಇರೋ ಕೈನೂ ಬಿಗಿದುಕೊಳ್ಳುತ್ತೆ. ಏಳು. ಆಸ್ಪತ್ರೆಗೆ ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ಬೈಯಲಿಲ್ಲ. ಬಟ್ಟೆಯ ಉಂಡೆಯೊಂದನ್ನು ಅವನ ಮುಷ್ಟಿಯಲ್ಲಿಟ್ಟು, "ಸ್ವಲ್ಪ ಸ್ವಲ್ಪ, ಆದರೆ ದಿನಾ ಮಾಡಿ. ಮಾತ್ರೆ, ಬಿ.ಪಿ. ತಪಾಸಣೆ ತಪ್ಪಿಸಬೇಡಿ" ಎಂದರು.

ಅಂದಿನಿಂದ ಬೆಳಿಗ್ಗೆ ಹೆಂಡತಿ, ಸಂಜೆ ಓಟದಕ್ಕ ಅವನ ಪಕ್ಕದಲ್ಲಿ ಕೂತರು. ಕೆಲವು ದಿನ ಅವನು ರೇಗಿದ. ಒಂದು ದಿನ ಉಂಡೆಯನ್ನು ಎಡಗೈಯಲ್ಲಿ ಎತ್ತಿ ಎಸೆದೇಬಿಟ್ಟ. ಅಕ್ಕ ಹೆಕ್ಕಿ ತಂದು ಮತ್ತೆ ಕೈಗಿಟ್ಟರು. ಆರನೇ ವಾರ ಹೆಬ್ಬೆರಳು ಕದಲಿತು. ಹೆಂಡತಿ ಆ ಬೆರಳನ್ನು ಕೆನ್ನೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಆ ಕೈ ಮತ್ತೆಂದೂ ಕತ್ತರಿ ಹಿಡಿಯಲಿಲ್ಲ. ಆದರೆ ಬಟ್ಟೆಯನ್ನು ಒತ್ತಿ ಹಿಡಿಯುವಷ್ಟು ಬಲ ಬಂತು. "ಹೊಲಿಯೋಕೆ ಆಗಲ್ಲ, ಕಲಿಸೋಕೆ ಆಗುತ್ತಲ್ಲಾ" ಎಂದು ಟೈಲರಣ್ಣನೇ ಒಂದು ದಿನ ಹೇಳಿದ. ಬೀದಿಯ ಮೂವರು ಹೆಂಗಸರು ಕಲಿಯಲು ಬಂದರು. ಅವರಲ್ಲೊಬ್ಬಳು ಅಂಗಿಗೆ ಎರಡೂ ಎಡತೋಳು ಕತ್ತರಿಸಿಟ್ಟಳು.

"ಭೇಷ್ ತಾಯಿ! ಇದನ್ನ ಹಾಕ್ಕೊಳ್ಳೋನು ಎಲ್ಲಿದ್ದಾನೋ ಹುಡುಕ್ಕೊಂಡು ಬಾ!" ಎಂದ ಟೈಲರಣ್ಣ.

ತಿಂಗಳುಗಟ್ಟಲೆ ನಗದಿದ್ದ ಗಂಡ ಹೊಟ್ಟೆ ಹಿಡಿದು ನಗುವುದು ಕೇಳಿ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಪಾರ್ಶ್ವವಾಯುವಿಂದ ಕೈಕಾಲು ಸೋತು ಮಲಗಿದವರು ಇದ್ದಾರೆಯೇ? "ಹಣೆಬರಹ" ಎಂದು ಸುಮ್ಮನಾಗಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ. ವ್ಯಾಯಾಮ ಬಿಡದಂತೆ ನೋಡಿಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಅವರಿಂದ ಕಲಿಯಬೇಕಾದವರು ಇನ್ನೂ ಎಷ್ಟೋ ಜನ ಇದ್ದಾರೆ. ಹೋಗಿ, ಇವತ್ತೇ ಅವರ ಬಾಗಿಲು ತಟ್ಟಿ.